ಹಲ್ಲುನೋವಿನ ಪ್ರಸಂಗ

ಅಕ್ಕ "ನಾನೂ ಬರ್ತೀನಿ" ಎಂದಾಗ ಅವನ ಬಾಯಿ ತುಂಬ ಟೂತ್‌ಪೇಸ್ಟಿನ ನೊರೆ ಇತ್ತು, ಹಾಗಾಗಿ ಬೇಡ ಎನ್ನಲು ಆಗಲಿಲ್ಲ. ಉಗುಳಿ, ಮುಕ್ಕಳಿಸಿ, ಮುಖ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಬೇಡ ಎನ್ನುವ ಹೊತ್ತು ಕಳೆದುಹೋಗಿತ್ತು. ಅವಳು ಆಗಲೇ ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟು, ಹಾಸಿದ ಬಟ್ಟೆಯ ಮೇಲೆ ಬೆರಳ ತುದಿಯಿಂದ ನೀರು ಚಿಮುಕಿಸುತ್ತಿದ್ದಳು. ಎಲ್ಲಿಗೆ ಎಂದು ಏನೂ ಗೊತ್ತಿಲ್ಲದವನ ಹಾಗೆ ಕೇಳಿದರೆ ಹೇಗೆ ಎಂದುಕೊಂಡ. ಹನ್ನೊಂದು ವರ್ಷದಿಂದ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ "ಲ್ಯಾಬಲ್ಲಿ ಸ್ವಲ್ಪ ಕೆಲಸ ಇದೆ" ಎಂದು ಹೇಳಿ ಹೊರಡುತ್ತಿದ್ದವನು ಅವನು. ಅಮ್ಮ ಪ್ರತಿ ಸಲವೂ "ಭಾನುವಾರಾನೂ ಜನಕ್ಕೆ ಹಲ್ಲು ಬೇಕಾ" ಎಂದು ಕೇಳಿ ಸುಮ್ಮನಾಗುತ್ತಿದ್ದಳು. ಆದರೆ ಆರು ವಾರದ ಹಿಂದೆ ಅಕ್ಕನ ಮನೆಯ ನೆಲ ಅಗೆದು ಪೈಪು ಬದಲಿಸಲು ಶುರುಮಾಡಿ, ಅವಳು ಸೂಟ್‌ಕೇಸು ಹಿಡಿದು ಇಲ್ಲಿಗೆ ಬಂದು, ಅವನು ತನ್ನ ಕೋಣೆ ಅವಳಿಗೆ ಬಿಟ್ಟು ನಡುಮನೆಯ ಸೋಫಾದ ಮೇಲೆ ಬಿದ್ದುಕೊಳ್ಳುವ ಗಡಿಬಿಡಿಯಲ್ಲಿ, ಕಪಾಟಿಗೆ ಬೀಗ ಹಾಕುವುದನ್ನು ಮರೆತಿದ್ದ. ಕಪಾಟಿನಲ್ಲಿ 'ಒಂಟಿ ಚಪ್ಪಲಿ ಸಮುರಾಯ್' ಇತ್ತು, ಅರವತ್ತೊಂದು ಸಂಪುಟ, ನಡುವೆ ಅದರ ಓದುಗರ ಕೂಟದ ಭಾನುವಾರದ ಸಭೆಗಳ ಕರೆಯೋಲೆಗಳು. ಜಪಾನಿನ ಚಿತ್ರಕಥೆ. ಮೊದಲ ಅಧ್ಯಾಯದಲ್ಲೇ ಹೊಳೆ ದಾಟುವಾಗ ಒಂದು ಚಪ್ಪಲಿ ಕಳೆದುಕೊಂಡ ಕತ್ತಿವೀರನೊಬ್ಬ ಇಪ್ಪತ್ತಾರು ವರ್ಷದಿಂದ ಅದನ್ನು ಹುಡುಕುತ್ತಿದ್ದಾನೆ, ಹುಡುಕುವ ನೆಪದಲ್ಲಿ ಮಾಡಬಾರದ್ದನ್ನೆಲ್ಲ ಮಾಡುತ್ತಿದ್ದಾನೆ. ನಲವತ್ಮೂರು ವರ್ಷದ ಗಂಡಸು, ದಿನಕ್ಕೆ ಎಂಟು ಗಂಟೆ ಮೇಣದ ದವಡೆಗಳಲ್ಲಿ ಕಟ್ಟುಹಲ್ಲು ನಿಲ್ಲಿಸುವವನು, ಇಂಥದ್ದನ್ನು ಓದುತ್ತಾನೆ ಎಂಬುದು ಗೊತ್ತಾದರೆ ಅಕ್ಕ ಏನಾದರೂ ಅಂದಾಳು ಎಂದು ಕಾದಿದ್ದ. ಅವಳು ಏನೂ ಅನ್ನಲಿಲ್ಲ. ಓದಲು ಶುರುಮಾಡಿದಳು. ಅವಳು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಬೀದಿಯ ತುದಿಯಲ್ಲಿ ಅವಳ ಚೀಲ ಕಂಡರೆ ಅಂಗಡಿಯವರು ತಕ್ಕಡಿ ಒರೆಸತೊಡಗುತ್ತಾರೆ. ಅದೇ ಮುಖದಲ್ಲಿ, ಒಂದು ಚೀಟಿ, ಒಂದು ಪೆನ್ಸಿಲು ಪಕ್ಕದಲ್ಲಿಟ್ಟುಕೊಂಡು, ಆರು ವಾರದಲ್ಲಿ ನಲವತ್ತು ಸಂಪುಟ ಮುಗಿಸಿದ್ದಳು. ಒಂದು ಸಲವೂ ನಕ್ಕಿರಲಿಲ್ಲ. ಗೋಡೆಯ ಈಚೆ ಸೋಫಾದ ಮೇಲೆ ಮಲಗಿ ಅವನು ಆ ನಗದೇ ಇರುವ ಸದ್ದನ್ನು ಕೇಳುತ್ತಿದ್ದ.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಳು. ಅವನ ತೊಡೆಯ ಮೇಲಿನ ಚೀಲದಲ್ಲಿ ಇಪ್ಪತ್ಮೂರನೆಯ ಸಂಪುಟವಿತ್ತು, ಅದರ ಬೆನ್ನು ಮಂಡಿಗೆ ಒತ್ತುತ್ತಿತ್ತು. ಇವತ್ತು ಸಾಧಾರಣ ಸಭೆಯಲ್ಲ, ವರ್ಷಕ್ಕೊಮ್ಮೆ ಮತ ಹಾಕುವ ಸಭೆ. ಒಬ್ಬೊಬ್ಬರೂ ತಮಗೆ ಅತಿ ಪ್ರಿಯವಾದ ಪ್ರಸಂಗದ ಪರವಾಗಿ ಹತ್ತು ನಿಮಿಷ ಮಾತಾಡಬೇಕು, ಆಮೇಲೆ ಕೈ ಎತ್ತಬೇಕು, ಗೆದ್ದ ಸಂಪುಟದ ರಕ್ಷಾಪುಟ ಒಂದು ವರ್ಷ ಸಭೆ ಸೇರುವ ಲಾಂಡ್ರಿಯ ಕಿಟಕಿ ಗಾಜಿನಲ್ಲಿ ತೂಗುತ್ತದೆ. ಅವನು ಪ್ರತಿ ವರ್ಷವೂ ಹಲ್ಲುನೋವಿನ ಪ್ರಸಂಗದ ಪರ ಮಾತಾಡುತ್ತಾನೆ, ಅದಕ್ಕೆ ಪ್ರತಿ ವರ್ಷವೂ ಒಂದೇ ಮತ ಬೀಳುತ್ತದೆ, ಅದು ಅವನದು. ಹಲ್ಲು ಮಾಡುವವನಿಗೆ ಹಲ್ಲುನೋವು ಇಷ್ಟವಾಗದೆ ಇನ್ನೇನು ಎಂದು ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ; ಅಲ್ಲಿ ಅವನ ಹೆಸರೇ 'ಹಲ್ಲು'. ಅದು ಕಾರಣವಲ್ಲ ಎಂದು ಹೇಳಬೇಕಾದರೆ ಆಸ್ಪತ್ರೆಯ ಬೆಂಚಿನ ವಿಷಯ ಹೇಳಬೇಕಾಗುತ್ತದೆ. ಬೆಂಚು ಕಬ್ಬಿಣದ್ದು, ಒಂದು ಕಾಲು ಗಿಡ್ಡ, ಅತ್ತಿತ್ತ ಸರಿದರೆ ಟಕ್ ಎನ್ನುತ್ತಿತ್ತು. ಮಧ್ಯಾಹ್ನ ನಾಲ್ಕು ಗಂಟೆ. ಒಳಗೆ ಅಪ್ಪ, ಪಕ್ಕದ ಕುರ್ಚಿಯಲ್ಲಿ ಅಕ್ಕ. ಮೂರು ದಿನದಿಂದ ಇಬ್ಬರೂ ಸರದಿಯ ಮೇಲೆ ಕೂತು ಅವನ ತಲೆಯಲ್ಲಿ ಏನೂ ಉಳಿದಿರಲಿಲ್ಲ. ಚೀಲದಲ್ಲಿ ಆಗಷ್ಟೇ ಕೊಂಡ ಇಪ್ಪತ್ಮೂರನೆಯ ಸಂಪುಟ ಇತ್ತು, ಎರಡೇ ಪುಟ ಎಂದುಕೊಂಡು ತೆರೆದ. ಆಮೇಲೆ ಎಲ್ಲಿಂದ ಬಂತೋ, ಒಂದು ಪುಟ ತಿರುಗಿಸಿದವನೇ ಗಟ್ಟಿಯಾಗಿ, ಹೊಟ್ಟೆಯಿಂದ, ಕಾರಿಡಾರಿನ ಎರಡೂ ತುದಿಗೆ ಕೇಳುವ ಹಾಗೆ ನಕ್ಕುಬಿಟ್ಟ. ನಗು ನಿಲ್ಲುವ ಮೊದಲೇ ಬಾಗಿಲು ತೆರೆಯಿತು. ಅಕ್ಕ ನಿಂತಿದ್ದಳು. ಅವಳು ಬೈಯಲಿಲ್ಲ. "ಒಳಗೆ ಬಾ" ಎಂದಳು, ಅಷ್ಟೇ. ಒಳಗೆ ಹೋದಾಗ ಅಪ್ಪ ತೀರಿಕೊಂಡಿದ್ದರು. ಅವನ ತುಟಿಯ ಮೂಲೆಯಲ್ಲಿ ಆ ನಗುವಿನ ಒಂದು ತುಣುಕು ಇನ್ನೂ ಅಂಟಿಕೊಂಡೇ ಇತ್ತು, ಅದನ್ನು ಅಂಗೈಯಿಂದ ಒರೆಸಿಕೊಂಡಿದ್ದ. ಒಂಬತ್ತು ವರ್ಷವಾಯಿತು. ಅಕ್ಕ ಅದರ ಸುದ್ದಿಯನ್ನೇ ಎತ್ತಿಲ್ಲ, ಹತ್ತು ಗ್ರಾಂ ಕಡಿಮೆಯಿದ್ದ ತೂಕದ ಕಲ್ಲನ್ನು ಹನ್ನೆರಡು ವರ್ಷ ನೆನಪಿಟ್ಟುಕೊಂಡವಳು. "ಇಳಿಯೋದು ಇಲ್ಲೇ ಅಲ್ವಾ" ಎಂದು ಅವಳು ಮೊಣಕೈಯಿಂದ ತಿವಿದಾಗ ಬಸ್ಸು ನಿಂತಿತ್ತು, ಅವನ ಅಂಗೈ ತುಟಿಯ ಮೇಲಿತ್ತು.

ಸಭೆ ನಡೆಯುವುದು ಲಾಂಡ್ರಿಯ ಮಹಡಿಯಲ್ಲಿ. ಒಗೆದ ಬಟ್ಟೆಯ ಬಿಸಿಯೂ ಸೋಪಿನ ವಾಸನೆಯೂ ಮೆಟ್ಟಿಲು ಹತ್ತಿ ಬರುತ್ತವೆ, ಕೆಳಗಿನ ಯಂತ್ರ ಕೊನೆಯ ಸುತ್ತು ಹಿಂಡುವಾಗ ನೆಲ ನಡುಗಿ ಟೀ ಲೋಟಗಳು ಒಂದಕ್ಕೊಂದು ತಾಗುತ್ತವೆ. ಖಾಯಂ ಸದಸ್ಯರು ಅವನನ್ನು ಬಿಟ್ಟು ಮೂವರು. ಲಾಂಡ್ರಿಯ ಯಜಮಾನಿ, ಐವತ್ತು ದಾಟಿದಾಕೆ, ಮಾತಾಡುವಾಗಲೂ ಎದುರಿದ್ದವರ ತೋಳಿನ ಕಲೆ ನೋಡುವವಳು. ಗಣಿತದ ಮೇಷ್ಟ್ರು, ಒಂದೊಂದು ಸಂಪುಟಕ್ಕೂ ನಕ್ಷೆ ಬರೆದು ಸುರುಳಿ ಸುತ್ತಿ ತರುವವರು. ಮೂರನೆಯವನು ಅಗ್ನಿಶಾಮಕ ದಳದವನು, ಬಾಗಿಲಿಗೆ ಓರೆಯಾಗಿಯೇ ಒಳಗೆ ಬರಬೇಕಾದಷ್ಟು ಅಗಲದ ಭುಜ, ಉರಿಯುವ ಮನೆಗಳೊಳಗೆ ನುಗ್ಗಿ ಜನರನ್ನು ಹೊತ್ತು ತಂದವನು, ಸೇತುವೆ ಪ್ರಸಂಗದ ಸುದ್ದಿ ಬಂದರೆ ಅಳುವವನು. "ನಮ್ಮಕ್ಕ" ಎಂದು ಅವನು ಪರಿಚಯಿಸಿದ. "ಹಲ್ಲಿನ ಅಕ್ಕನಾ, ಬನ್ನಿ ಬನ್ನಿ" ಎಂದಳು ಯಜಮಾನಿ. ಅಕ್ಕ ಅವನ ಕಡೆ ತಿರುಗಿ ನೋಡಿದಳು. ಹುಟ್ಟಿದಾಗಿನಿಂದ ಕರೆಯುತ್ತಿದ್ದ ಹೆಸರಿನ ಜಾಗದಲ್ಲಿ ಇದೊಂದು ಇತ್ತೆಂದು ಅವಳಿಗೆ ಈಗ ತಿಳಿಯಿತು.

ಮೇಷ್ಟ್ರು ಮೊದಲು ಎದ್ದು ಗೋಡೆಗೆ ನಕ್ಷೆ ಅಂಟಿಸಿದರು. "ಗೋದಾಮು ಪ್ರಸಂಗ. ನಲವತ್ತು ಜನ ಕತ್ತಿವೀರರು, ಒಂದು ಬಾಗಿಲು, ಒಂದು ಬೀಗದಕೈ. ಒಬ್ಬರನ್ನೊಬ್ಬರು ಅನುಮಾನಿಸ್ತಾ ಮೂವತ್ತೆಂಟು ಅಧ್ಯಾಯ. ಇದರಲ್ಲಿ ಒಂದು ಪುಟ ತೆಗೆದರೂ ಕಥೆ ಕುಸಿದುಬೀಳತ್ತೆ. ಸೇತುವೆಯಲ್ಲಿ ಐವತ್ತು ಪುಟ ತೆಗೀರಿ, ಏನೂ ಆಗಲ್ಲ."

"ಆಗತ್ತೆ," ಎಂದ ಅಗ್ನಿಶಾಮಕದವನು. "ನಾನು ಅಳೋದು ತಡ ಆಗತ್ತೆ."

"ನೀವು ಗೋದಾಮಿಗೂ ಅತ್ತಿದ್ದೀರಿ," ಎಂದಳು ಯಜಮಾನಿ. "ನಾನೇ ಟವೆಲ್ ಕೊಟ್ಟಿದ್ದೆ."

"ಅದು ಬೇರೆ. ಬೀಗದಕೈ ಮೊದಲಿಂದ ತನ್ನ ಸೊಂಟದಲ್ಲೇ ಇತ್ತು ಅಂತ ಗೊತ್ತಾದಾಗ ಆ ಮನುಷ್ಯನ ಮುಖ ನೋಡಿದ್ರಾ. ಮೂವತ್ತೊಂಬತ್ತು ಜನಕ್ಕೆ ಈಗ ಏನು ಹೇಳೋದು ಅಂತ ಇರತ್ತಲ್ಲ ಆ ಮುಖ." ಅವನ ದನಿ ಆಗಲೇ ಒದ್ದೆಯಾಗಿತ್ತು. ಹಾಗೆಯೇ ಎದ್ದು ನಿಂತು ಸೇತುವೆಗೆ ಬಂದ. ಮುರಿದ ಸೇತುವೆಯ ಆಚೆ ದಡದಲ್ಲಿ ವೈರಿಯ ಮುದಿ ತಾಯಿ. ಈಚೆ ದಡದಲ್ಲಿ ನಮ್ಮ ಸಮುರಾಯ್, ಬೆಳಗಾದರೆ ಆ ವೈರಿಯನ್ನು ಕೊಲ್ಲಬೇಕಾದವನು, ಒಂದೊಂದೇ ಹಲಗೆ ಹೊತ್ತು ತಂದು ಜೋಡಿಸುತ್ತಾನೆ. ಯಾಕೆಂದು ಕೇಳಿದರೆ, ಮಗ ಸಾಯುವಾಗ ಆಕೆ ಹತ್ತಿರ ಇರಲಿ ಅಂತ, ಎನ್ನುತ್ತಾನೆ. ಇಷ್ಟು ಹೇಳುವಷ್ಟರಲ್ಲಿ ಅಗ್ನಿಶಾಮಕದವನ ಹತ್ತು ನಿಮಿಷದಲ್ಲಿ ಆರು ನಿಮಿಷ ಮೂಗು ಒರೆಸಿಕೊಳ್ಳುವುದಕ್ಕೇ ಹೋಗಿತ್ತು. ಆಗ ಅಕ್ಕ ತನ್ನ ಚೀಟಿ ತೆಗೆದಳು.

"ಒಂದು ಸಣ್ಣ ವಿಷಯ. ಆ ಸೇತುವೆ ಕಟ್ಟಿ ಮುಗಿಸಿದಾಗ ಅಡ್ಡಕ್ಕೆ ಹನ್ನೆರಡು ಹಲಗೆ ಇದೆ. ಮುದುಕಿ ದಾಟೋವಾಗ ಒಂಬತ್ತು."

ಮೇಷ್ಟ್ರ ಮುಖ ನಿಧಾನವಾಗಿ ಅರಳಿತು. "ನೀವು ಎಣಿಸಿದ್ರಾ?"

"ಕಣ್ಣಿಗೆ ಬಿತ್ತು."

"ಮೂರು ಹಲಗೆ ಕಮ್ಮಿ," ಎಂದ ಅಗ್ನಿಶಾಮಕದವನು ತನ್ನಷ್ಟಕ್ಕೆ. ಅವನ ದೊಡ್ಡ ಕೈಗಳು ಮಂಡಿಯ ಮೇಲೆ ಮಲಗಿದ್ದವು. "ಅಂದ್ರೆ ಆಕೆ ಬಿದ್ದೂ ಬಿಡಬಹುದಿತ್ತು." ಈ ಹೊಸ ವಿಚಾರಕ್ಕೆ ಅವನಿಗೆ ಮತ್ತೊಮ್ಮೆ ಅಳು ಬಂತು. ಯಜಮಾನಿ ಅವನ ಬೆನ್ನು ತಟ್ಟುತ್ತ ತನ್ನ ಪಾಳಿ ಕೂತಲ್ಲೇ ಮುಗಿಸಿದಳು: ಅವಳಿಗೆ ಬಾವುಟದ ಪ್ರಸಂಗ. ಸಮುರಾಯ್ ಒಗೆಯುವ ಕೆಲಸಕ್ಕೆ ಸೇರಿ ದೊರೆಯ ಬಿಳಿ ಬಾವುಟವನ್ನು ಕೆಂಪು ಅಂಗಿಯ ಜೊತೆ ನೆನೆಹಾಕುತ್ತಾನೆ, ಇಡೀ ಸೈನ್ಯ ಗುಲಾಬಿ ಬಾವುಟ ಹಿಡಿದು ಯುದ್ಧಕ್ಕೆ ಹೋಗುತ್ತದೆ. "ತಣ್ಣೀರಲ್ಲಿ ಕೆಂಪು ಅಷ್ಟು ಬಿಡಲ್ಲ, ಬರೆದವನಿಗೆ ಗೊತ್ತಿಲ್ಲ. ಆದರೆ ಒಬ್ಬ ಸೈನಿಕನೂ ಅವನಿಗೆ ಬೈಯಲ್ಲ ನೋಡಿ. ನನ್ನ ಗಿರಾಕಿಗಳು ಒಂದು ಗುಂಡಿಗೆ ಬೈತಾರೆ. ಓದಿದಾಗೆಲ್ಲ ನನಗೆ ಸಮಾಧಾನ."

ಅವನ ಸರದಿ ಬಂತು. ಎದ್ದು ನಿಂತ. ಪ್ರತಿ ವರ್ಷ ಹೇಳುವ ಮಾತುಗಳು ಬಾಯಲ್ಲಿ ಸಾಲಾಗಿ ನಿಂತಿದ್ದವು, ಅವನೇ ಮೇಣದಲ್ಲಿ ನಿಲ್ಲಿಸಿದ ಹಲ್ಲುಗಳ ಹಾಗೆ, ಒಂದೂ ಅವನದಲ್ಲ. ಇಬ್ಬರು ಮಹಾವೀರರ ದ್ವಂದ್ವಯುದ್ಧ, ಇಬ್ಬರಿಗೂ ಅವತ್ತೇ ಹಲ್ಲುನೋವು, ಇಬ್ಬರೂ ಹೇಳಿಕೊಳ್ಳುವುದಿಲ್ಲ, ಕತ್ತಿ ಎತ್ತಿದರೆ ದವಡೆ ಸಿಡಿಯುತ್ತದೆ, ಆದ್ದರಿಂದ ಮೂರು ದಿನ ಎದುರುಬದುರು ಸುಮ್ಮನೆ ನಿಲ್ಲುತ್ತಾರೆ. ಸುತ್ತ ಜನ ಸೇರಿ ಇದು ಯಾವುದೋ ಪರಮ ಸಾಧನೆ ಎಂದು ಕೈ ಮುಗಿಯುತ್ತಾರೆ. "ಚಿತ್ರಗಾರಿಕೆ ದೃಷ್ಟಿಯಿಂದ," ಎಂದು ಶುರುಮಾಡಿದ. ಮುಂದಿನ ಕುರ್ಚಿಯಲ್ಲಿ ಅಕ್ಕ ಪೆನ್ಸಿಲು ಹಿಡಿದಿದ್ದಳು. "ಚಿತ್ರಗಾರಿಕೆ ದೃಷ್ಟಿಯಿಂದ ಇಲ್ಲಿ ಹನ್ನೊಂದು ಅಧ್ಯಾಯ ಯಾರೂ ಅಲ್ಲಾಡಲ್ಲ. ಅಲ್ಲಾಡದೇ ಇರೋದನ್ನ ಬರೆಯೋದು ಕಷ್ಟ. ಅಂದ್ರೆ, ಸುಲಭ ಅನ್ನಿಸತ್ತೆ, ಆದರೆ." ಕೆಳಗೆ ಯಂತ್ರ ಹಿಂಡತೊಡಗಿ ನೆಲ ನಡುಗಿತು, ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. ಮೇಷ್ಟ್ರು ಕರುಣೆಯಿಂದ ಗಡಿಯಾರ ನೋಡಿಕೊಂಡರು.

"ನಂದೊಂದು ಪ್ರಶ್ನೆ," ಎಂದಳು ಅಕ್ಕ. "ಅವತ್ತು ನಿನ್ನ ಕೈಲಿದ್ದ ಇಪ್ಪತ್ಮೂರನೇ ಸಂಪುಟ ನಾನು ಮೂರು ಸಲ ಓದಿದೆ. ಅಷ್ಟು ಜೋರಾಗಿ ನಗೋವಂಥದ್ದು ಎಲ್ಲಿದೆ ಅಂತ ಗೊತ್ತಾಗಲಿಲ್ಲ. ಯಾವ ಪುಟ?"

ಆರು ವಾರ, ನಲವತ್ತು ಸಂಪುಟ, ಚೀಟಿ, ಪೆನ್ಸಿಲು. ಅವಳು ಇದನ್ನೇ ಹುಡುಕುತ್ತಿದ್ದಳು. ಚಿಕ್ಕವನಿದ್ದಾಗ ಕದ್ದ ತಿಂಡಿಯ ಚೂರನ್ನು ಅವನ ಅಂಗಿಯ ಮೇಲಿಂದ ಎರಡು ಬೆರಳಲ್ಲಿ ಹೆಕ್ಕಿ ಏನೂ ಹೇಳದೆ ತೋರಿಸುತ್ತಿದ್ದವಳು ಇವಳೇ. ಪುಸ್ತಕ ತೆರೆಯಬೇಕಾಗಿರಲಿಲ್ಲ, ಆದರೂ ತೆರೆದ, ಕೈಗೆ ಕೆಲಸ ಬೇಕಾಗಿತ್ತು. "ನೂರಾ ಹದಿನಾಲ್ಕು," ಎಂದ. "ಮೂರನೇ ದಿನ ಸಂಜೆ. ಒಬ್ಬನ ತಲೆ ಮೇಲೆ ಕಾಗೆ ಕೂತಿದೆ. ಇನ್ನೊಬ್ಬ ಬಾಯಿ ತೆರೀದೇ ಕೇಳ್ತಾನೆ." ಓದಿದ: "ತಮ್ಮದೂ ಎಡಗಡೆಯೇ?"

ಯಾರೂ ನಗಲಿಲ್ಲ. ಅಗ್ನಿಶಾಮಕದವನು ಸೌಜನ್ಯಕ್ಕೆಂದು ಮೂಗಿನಲ್ಲಿ ಒಂದು ಶಬ್ದ ಮಾಡಿದ.

"ಇದಕ್ಕಾ?" ಎಂದಳು ಅಕ್ಕ.

"ಇದಕ್ಕೇ."

"ಇಷ್ಟೇನಾ?"

"ಇಷ್ಟೇ," ಎಂದ. ಆಮೇಲೆ, ಹಲ್ಲು ಕೀಳಿಸಿಕೊಳ್ಳಲು ಬಂದವನು ಒಂದೇ ಸಲಕ್ಕೆ ಬಾಯಿ ತೆರೆಯುವ ಹಾಗೆ, ಯಾರ ಮುಖವನ್ನೂ ನೋಡದೆ ಎಲ್ಲವನ್ನೂ ಹೇಳಿಬಿಟ್ಟ: ಬೆಂಚು, ನಾಲ್ಕು ಗಂಟೆ, ಒಳಗೆ ಅಪ್ಪ ಸಾಯುತ್ತಿದ್ದಾಗ ಹೊರಗೆ ತಾನು ನಕ್ಕದ್ದು, ಬಾಗಿಲಲ್ಲಿ ಅಕ್ಕ. "ಅದಕ್ಕೇ ಪ್ರತಿ ವರ್ಷ ಇದಕ್ಕೇ ಮತ ಹಾಕ್ತೀನಿ. ಇದು ಒಳ್ಳೇ ಪ್ರಸಂಗ ಅಲ್ಲ ಅಂತಾದರೆ ನಾನು ಅವತ್ತು ಯಾವುದೋ ಕೆಟ್ಟ ಜೋಕಿಗೆ ನಕ್ಕ ಹಾಗಾಗತ್ತೆ." ಇದು ತನಗೂ ಈಗಲೇ ಗೊತ್ತಾಯಿತು ಎನ್ನುವ ಹಾಗೆ ಕೂತುಬಿಟ್ಟ.

ಅಕ್ಕ ಚೀಟಿಯನ್ನು ಎರಡಾಗಿ ಮಡಚಿದಳು, ನಾಲ್ಕಾಗಿ ಮಡಚಿದಳು. "ನಾನು ನಿದ್ದೆ ಮಾಡ್ತಿದ್ದೆ," ಎಂದಳು.

ಅವನಿಗೆ ಅರ್ಥವಾಗಲಿಲ್ಲ. "ಯಾವಾಗ?"

"ಆವಾಗ. ಹಾಸಿಗೆ ಮೇಲೆ ತಲೆ ಇಟ್ಕೊಂಡು ನಿದ್ದೆ ಹೋಗಿದ್ದೆ. ನೀನು ನಕ್ಕಿದ್ದು ಕೇಳಿ ಎಚ್ಚರ ಆಯ್ತು. ನೋಡಿದ್ರೆ ಅಪ್ಪ ಇಲ್ಲ. ಎಷ್ಟು ಹೊತ್ತಾಗಿತ್ತೋ ಏನೋ."

"ಮತ್ತೆ ನೀರು?" ನೀರಿನ ವಿಷಯ ಮನೆಗೆ ಬಂದವರೆಲ್ಲರಿಗೂ ಗೊತ್ತು. ಕೊನೆಗಳಿಗೆಯಲ್ಲಿ ಮಗಳ ಕೈಯಿಂದ ಎರಡು ಚಮಚ ನೀರು ಕುಡಿದು, ಸಾಕು ಎಂದು ಹೇಳಿ ಕಣ್ಣು ಮುಚ್ಚಿದರು ಎಂದು ಅಮ್ಮ ಒಂಬತ್ತು ವರ್ಷದಿಂದ ನೆಂಟರಿಗೆ, ನೆರೆಯವರಿಗೆ, ಫ್ರಿಜ್ಜು ರಿಪೇರಿಗೆ ಬಂದವನಿಗೆ ಹೇಳಿದ್ದಾಳೆ. ಹೇಳುವಾಗ ಅಕ್ಕ ಇದ್ದರೆ ಎದ್ದು ಬೇರೆ ಕೋಣೆಗೆ ಹೋಗುತ್ತಾಳೆ, ಪಾಪ ಇನ್ನೂ ತಡೆದುಕೊಳ್ಳಲಾರಳು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಅವನೂ ಅಂದುಕೊಂಡಿದ್ದ.

"ನೀರು ಒಂದೂವರೆಗೆ ಕೊಟ್ಟಿದ್ದು. ನಾನಲ್ಲ, ನರ್ಸು. ಅಮ್ಮ ಬಂದು ಕೊನೆಗೆ ಏನಾಯ್ತು ಅಂತ ಕೇಳಿದಾಗ ಬಾಯಿಗೆ ಅದು ಬಂತು." ಇಲಾಖೆಯ ದನಿಯಲ್ಲೇ ಹೇಳುತ್ತಿದ್ದಳು, ಆದರೆ ಪೆನ್ಸಿಲು ಕೈಯಿಂದ ಜಾರಿ ಕುರ್ಚಿಯಡಿ ಉರುಳಿತು. "ನೀನು ನಗದಿದ್ದರೆ ಇನ್ನೂ ಎಷ್ಟು ಹೊತ್ತು ಹಾಗೇ ಮಲಗಿರ್ತಿದ್ದೆನೋ. ನಿನ್ನ ಮುಖ ನೋಡಿದಾಗೆಲ್ಲ ಇವನಿಗೆ ಗೊತ್ತಾಗಿದೆಯಾ ಅಂತ."

"ನಿನಗೆ ಕೋಪ ಇದೆ ಅಂತ ನಾನು."

"ಏನಕ್ಕೆ?"

ಅದಕ್ಕೆ ಉತ್ತರ ಹೇಳುವ ಮೊದಲೇ ಅಗ್ನಿಶಾಮಕದವನು ಎಲ್ಲ ಅಂಕೆ ಮೀರಿ ಬಿಕ್ಕತೊಡಗಿದ. ಯಜಮಾನಿ ಕೆಳಗಿಳಿದು ಯಾರದೋ ಒಗೆದಿಟ್ಟ ಬಿಸಿ ಟವೆಲ್ಲುಗಳಲ್ಲಿ ಮೂರು ತಂದು, ಒಂದನ್ನು ತಮ್ಮನಿಗೂ ಒಂದನ್ನು ಅಕ್ಕನಿಗೂ ಕೊಟ್ಟು, ಒಂದನ್ನು ತಾನೇ ಇಟ್ಟುಕೊಂಡಳು. ನಿಜವಾಗಿ ಬೇಕಾಗಿದ್ದವನಿಗೆ ಸಿಗಲಿಲ್ಲ, ಅಗ್ನಿಶಾಮಕದವನು ಅಂಗಿಯ ತೋಳಲ್ಲೇ ಮುಖ ಒರೆಸಿಕೊಂಡ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಮೇಷ್ಟ್ರಿಗೆ ಒಂದೇ ಗೊತ್ತಿತ್ತು. "ಮತ ಹಾಕೋಣವಾ" ಎಂದರು ಮೆಲ್ಲಗೆ. ಸೇತುವೆ: ಅಗ್ನಿಶಾಮಕದವನು, ಮತ್ತು ಅವನು ಆಶ್ಚರ್ಯದಿಂದ ತಿರುಗಿ ನೋಡುತ್ತಿದ್ದ ಹಾಗೆ, ಅಕ್ಕ. "ಮೂರು ಹಲಗೆ ಕಮ್ಮಿ ಇದ್ದರೂ," ಎಂದಳು. ಗೋದಾಮು ಒಂದು, ಬಾವುಟ ಒಂದು. ಹಲ್ಲುನೋವು ಎಂದು ಮೇಷ್ಟ್ರು ಕೂಗಿದಾಗ ಅವನು ಕುರ್ಚಿಯಡಿ ಬಗ್ಗಿ ಅಕ್ಕನ ಪೆನ್ಸಿಲು ತಡಕುತ್ತಿದ್ದ. ಮೇಲೆ ಬಂದಾಗ ಎಣಿಕೆ ಮುಗಿದಿತ್ತು. "ಹಲ್ಲುನೋವು, ಸೊನ್ನೆ," ಎಂದು ಮೇಷ್ಟ್ರು ಬರೆದು, ಪ್ರಾಮಾಣಿಕ ಮನುಷ್ಯ, ಪೆನ್ನು ಎತ್ತಿಹಿಡಿದು ಕೇಳಿದರು, "ಬೇಕಾದರೆ ತಿದ್ದಬಹುದು."

ಅವನು ಆ ಸೊನ್ನೆಯನ್ನು ನೋಡಿದ. "ಇರಲಿ ಬಿಡಿ," ಎಂದ.

ಮನೆಗೆ ಬರುವವರೆಗೆ ಇಬ್ಬರೂ ಸಮುರಾಯನ ವಿಷಯಕ್ಕೇ ಜಗಳವಾಡಿದರು. ನಕಲಿ ಗುರುವಿನ ಪ್ರಸಂಗ ಬರಿ ಎಳೆದಾಟ ಎಂದು ಅವಳು, ನಲವತ್ತೆಂಟನೆಯ ಸಂಪುಟದವರೆಗೆ ತಡೆದುಕೋ ಎಂದು ಅವನು. ಅಮ್ಮ ಅಡುಗೆಮನೆಯಲ್ಲಿ ಡಬ್ಬಿಗಳನ್ನು ಒರೆಸಿಡುತ್ತಿದ್ದಳು. ಅಕ್ಕ ಚಪ್ಪಲಿ ಬಿಡುವುದಕ್ಕೂ ನಿಲ್ಲದೆ ನೇರ ಒಳಗೆ ಹೋಗಿ, "ಅಮ್ಮ, ಅಪ್ಪ ಹೋಗೋವಾಗ ನಾನು ನಿದ್ದೆ ಮಾಡಿಬಿಟ್ಟಿದ್ದೆ. ನೀರು ಕೊಟ್ಟಿದ್ದು ನಾನಲ್ಲ," ಎಂದಳು. ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ.

"ಗೊತ್ತು," ಎಂದಳು ಅಮ್ಮ, ಡಬ್ಬಿಯ ಮುಚ್ಚಳ ತಿರುಗಿಸುತ್ತ. "ನಾನು ಬಂದಾಗ ನಿನ್ನ ಕೆನ್ನೆ ತುಂಬ ಆಸ್ಪತ್ರೆ ಕಂಬಳಿಯ ಗೆರೆ ಇತ್ತು."

"ಗೊತ್ತಿದ್ದೂ ಒಂಬತ್ತು ವರ್ಷ ಎಲ್ಲರಿಗೂ ಅದನ್ನೇ ಹೇಳ್ಕೊಂಡು ಬಂದೆಯಾ?"

"ನೀನು ಹೇಳಿದ್ದನ್ನ ಹೇಳಿದೆ. ನನ್ನ ಮಗಳು ಸುಳ್ಳು ಹೇಳಿದ್ಲು ಅಂತ ಹೇಳ್ಕೊಂಡು ತಿರುಗಲಾ?" ಅಮ್ಮ ಮುಂದಿನ ಡಬ್ಬಿ ಎತ್ತಿಕೊಂಡಳು. "ಮೂರು ದಿನ ಕಣ್ಣು ಮುಚ್ಚದೆ ಕೂತವಳು. ನಿದ್ದೆ ಬರದೆ ಇನ್ನೇನು."

ಅವನಿಗೂ ಹೇಳಬೇಕೆನ್ನಿಸಿತು. ತಾನು ಹೊರಗೆ ಕೂತು ನಕ್ಕದ್ದನ್ನು ಹೇಳಿದ, ಪುಟದ ಸಂಖ್ಯೆಯ ಸಮೇತ. ಅಮ್ಮ ಕೈ ನಿಲ್ಲಿಸಿ ಅವನನ್ನು ನೋಡಿದಳು, ಅವನ ಹಿಂದೆ ಎಲ್ಲೋ ನೋಡಿದಳು, "ಹೌದಾ" ಎಂದಳು, ಅಷ್ಟೇ. ಅಷ್ಟರಲ್ಲಿ ಮೇಲಿನ ಮನೆಗೆ ಹೊಸದಾಗಿ ಬಂದ ಹೆಂಗಸು ಸ್ಕ್ರೂಡ್ರೈವರ್ ಇದೆಯಾ ಎಂದು ಬಾಗಿಲಿಗೆ ಬಂದಳು. ಅಮ್ಮ ಕೈ ಒರೆಸಿಕೊಂಡು ಹೊರಗೆ ಬಂದು ಅವಳನ್ನು ಕೂರಿಸಿದಳು. ಅವನು ನಡುಮನೆಯ ಕಪಾಟಿನ ತಳದಲ್ಲಿ ಸ್ಕ್ರೂಡ್ರೈವರ್ ಹುಡುಕುತ್ತಿದ್ದಾಗ ಹಿಂದಿನಿಂದ ಆ ಹೆಂಗಸು ಗೋಡೆಯ ಫೋಟೋ ನೋಡಿ "ಯಜಮಾನರಾ" ಎಂದು ಕೇಳಿದ್ದೂ, ಅಮ್ಮ ಸೋಫಾದಲ್ಲಿ ಸರಿಯಾಗಿ ಕೂತುಕೊಂಡದ್ದೂ ಕೇಳಿಸಿತು. ಅಕ್ಕ ಎದ್ದು ಹೋಗಲಿಲ್ಲ. ಗೋಡೆಗೆ ಒರಗಿ ನಿಂತಿದ್ದಳು.

"ಒಂಬತ್ತು ವರ್ಷ ಆಯ್ತು," ಎಂದಳು ಅಮ್ಮ. "ಕಷ್ಟಪಡಲಿಲ್ಲ. ಮಗಳು ಪಕ್ಕದಲ್ಲೇ ಇದ್ಲು. ಎರಡು ಚಮಚ ನೀರು ಕುಡಿದು ಸಾಕು ಅಂದ್ರಂತೆ. ಹೊರಗೆ ಮಗ ಬೆಂಚಿನ ಮೇಲೆ ಕೂತು ನಗ್ತಿದ್ದ. ಯಾರದು ಅಂತ ಕೇಳಿದ್ರಂತೆ. ನಿಮ್ಮ ಮಗ ಅಂದ್ಲಂತೆ ಇವಳು. ಓ ಅವನಾ, ಅಂದು ಕಣ್ಣು ಮುಚ್ಚಿಕೊಂಡ್ರಂತೆ."

"ಪುಣ್ಯವಂತರು," ಎಂದಳು ಮೇಲಿನ ಮನೆಯಾಕೆ. ಅವನ ಕಡೆ ತಿರುಗಿ, ಸ್ಕ್ರೂಡ್ರೈವರ್‌ಗೆ ಕೈಚಾಚುತ್ತ, ಸ್ವಲ್ಪ ಸಂಕೋಚದಿಂದ ಕೇಳಿದಳು, "ನಿಜವಾಗ್ಲೂ ನಗ್ತಿದ್ರಾ?"

ಅವನು ಅಕ್ಕನನ್ನು ನೋಡಿದ. ಹತ್ತು ಗ್ರಾಂ ಹೆಚ್ಚುಕಡಿಮೆಯನ್ನೂ ಬಿಡದವಳು ಬಾಯಿ ತೆರೆದಳು, ಒಂದು ಗಳಿಗೆ ಹಾಗೆಯೇ ಇದ್ದಳು.

"ಹೌದು," ಎಂದ ಅವನು.

"ಬಹಳ ಜೋರಾಗಿ," ಎಂದಳು ಅಕ್ಕ, ಮತ್ತು ಟೀಗೆ ನೀರಿಡಲು ಒಳಗೆ ಹೋದಳು.